ಕೀಲಿಕೈ ಇಲ್ಲದ ಪೆಟ್ಟಿಗೆ

ಶಾಲೆಯೆಂದೊಡನೆ ಕೆಲವರಿಗೆ ಕರಿಹಲಗೆ ನೆನಪಾಗುತ್ತದೆ, ಕೆಲವರಿಗೆ ಬೆತ್ತ. ಮೂವತ್ತಾರು ವರ್ಷ ಮೇಷ್ಟ್ರಾಗಿ ಸವೆದ ನನಗೆ ನೆನಪಾಗುವುದು ಒಂದು ಮರದ ಪೆಟ್ಟಿಗೆ. ಬಿಳಿಯ ಬಣ್ಣ ಬಳಿದು, ಮುಚ್ಚಳದ ಮೇಲೆ ಕೆಂಪು ಕೂಡುಗುರುತು ಬರೆದು, ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ ಪೆಟ್ಟಿಗೆ. ಅದಕ್ಕೊಂದು ಹಿತ್ತಾಳೆಯ ಬೀಗ. ಬೀಗಕ್ಕೊಂದು ಕೀಲಿಕೈ ಇದ್ದಿರಲೇಬೇಕು. ಆದರೆ ಬೇಕಾದ ದಿನ ಅದು ಶಾಲೆಯಲ್ಲಿರಲಿಲ್ಲ.

ಆ ದಿನ 1978ರ ಮಳೆಗಾಲದ ಒಂದು ಮಧ್ಯಾಹ್ನ. ತುಮಕೂರು ಸೀಮೆಯ ಒಂದು ಹೋಬಳಿಯ ಮಾಧ್ಯಮಿಕ ಶಾಲೆ. ನಾನು ಟ್ರೈನಿಂಗ್ ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊಟದ ಗಂಟೆ ಹೊಡೆಯಿತು. ಏಳನೆಯ ತರಗತಿಯ ಹುಡುಗನೊಬ್ಬ ಒದ್ದೆ ಜಗಲಿಯ ಮೇಲೆ ಓಡುತ್ತಾ ಜಾರಿ, ಆಸರೆಗೆಂದು ಚಾಚಿದ ಕೈಯನ್ನು ಕಿಟಕಿಯ ಗಾಜಿನೊಳಗೆ ತೂರಿಸಿಬಿಟ್ಟ. ಮೊಣಕೈಗೆ ಸ್ವಲ್ಪ ಮೇಲೆ, ಒಳಬದಿಯಲ್ಲಿ ಸೀಳು. ರಕ್ತ ಒಸರಲಿಲ್ಲ, ಚಿಮ್ಮಿತು. ಚಿಮ್ಮಿ ನಿಂತು, ಮತ್ತೆ ಚಿಮ್ಮಿತು.

ನಾನು ಓಡಿಹೋಗಿ ಕರವಸ್ತ್ರವನ್ನು ಗಾಯದ ಮೇಲಕ್ಕೆ ಕಟ್ಟಿದೆ. ರಕ್ತ ನಿಲ್ಲಲಿಲ್ಲ, ಹೆಚ್ಚಾದಂತೆ ಕಂಡಿತು. ಬಿಗಿಯಾಗಿ ಕಟ್ಟಿದರೆ ಕೈಯೇ ಹೋಗುತ್ತದೆಂದು ಎಲ್ಲೋ ಕೇಳಿದ್ದೆ, ಹೆದರಿ ಬಿಚ್ಚಿದೆ, ಮತ್ತೆ ಕಟ್ಟಿದೆ. ಯಾರೋ ಪೆಟ್ಟಿಗೆಯ ಬಳಿಗೆ ಓಡಿದರು. ಕೀಲಿಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿತ್ತು, ಮುಖ್ಯೋಪಾಧ್ಯಾಯರು ತಾಲ್ಲೂಕು ಕಚೇರಿಯಲ್ಲಿದ್ದರು. ಇನ್ನೊಬ್ಬರು ಕಾಫಿಪುಡಿ ತರಲು ಹೋದರು. ಹುಡುಗನ ಮುಖ ಸುಣ್ಣದ ಗೋಡೆಯಂತಾಗುತ್ತಿತ್ತು.

ಆಗ ಬಂದವನು ಶಾಲೆಯ ಜವಾನ. ಸೇನೆಯಲ್ಲಿ ಹದಿನೈದು ವರ್ಷ ಇದ್ದು ಪಿಂಚಣಿ ಪಡೆದು ಬಂದಿದ್ದ ಮನುಷ್ಯ. “ಸ್ವಾಮಿ, ಒಸಿ ಪಕ್ಕಕ್ಕೆ ಸರೀರಿ. ಕಟ್ಟಿದ್ರೆ ಸಾಲ್ದು, ಅಮುಕ್ಬೇಕು,” ಎಂದ. ಹೆಗಲ ಮೇಲಿನ ವಸ್ತ್ರವನ್ನು ಗಾಯದೊಳಕ್ಕೆ ಬೆರಳಿನಿಂದ ತುರುಕಿ, ಅದರ ಮೇಲೆ ಎರಡೂ ಅಂಗೈ ಇಟ್ಟು, ಹುಡುಗನ ತೋಳನ್ನು ನೆಲಕ್ಕೊತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಏಳು ಮೈಲಿ ದೂರದ ಆಸ್ಪತ್ರೆಗೆ ಒಂದು ಲಾರಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಕೈ ಎತ್ತಲಿಲ್ಲ. ಹುಡುಗ ಬದುಕಿದ. ಬಲಗೈಯ ಕಿರುಬೆರಳು ಮತ್ತು ಉಂಗುರಬೆರಳು ಮಾತ್ರ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಗಾಜು ನರವನ್ನೂ ಕೊಯ್ದಿತ್ತು.

ಮರುದಿನ ಪೆಟ್ಟಿಗೆ ತೆರೆದರು. ಒಣಗಿಹೋದ ಟಿಂಚರ್ ಅಯೊಡಿನ್ ಸೀಸೆ, ಇಲಿ ಕಡಿದ ಹತ್ತಿಯ ಸುರುಳಿ, ಹಾಳೆಯನ್ನೂ ಬಿಡಿಸದ ಒಂದು ಕೈಪಿಡಿ. ಬಾಲಮನಶ್ಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದಿದ್ದ ನನಗೆ ತಿಳಿಯದಿದ್ದುದು ಓದು ಬಾರದ ಜವಾನನಿಗೆ ತಿಳಿದಿತ್ತು. ಅವನಿಗೆ ಅದನ್ನು ಕಲಿಸಿದವರು ಯಾರು? ನಮಗೇಕೆ ಯಾರೂ ಕಲಿಸಲಿಲ್ಲ? ಈ ಎರಡು ಪ್ರಶ್ನೆಗಳನ್ನು ಹಿಡಿದು ನಾನು ಆಗಾಗ ಪುಸ್ತಕಗಳಲ್ಲಿ ಅಲೆದಿದ್ದೇನೆ. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಹರಿಯುವ ರಕ್ತವನ್ನು ನಿಲ್ಲಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆ ನಾಲ್ಕು ಉಪಾಯಗಳನ್ನು ಹೇಳುತ್ತದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರಿನ ಕಷಾಯದಿಂದ ಗಾಯವನ್ನು ಕೂಡಿಸುವುದು ಸಂಧಾನ. ತಂಪಿನಿಂದ ರಕ್ತವನ್ನು ಹೆಪ್ಪುಗಟ್ಟಿಸುವುದು ಸ್ಕಂದನ. ಭಸ್ಮ ಹಾಕುವುದು ಪಾಚನ. ಸುಟ್ಟು ನಾಳವನ್ನು ಮುದುಡಿಸುವುದು ದಹನ. ನಮ್ಮ ಅಜ್ಜಿಯರ ಬೂದಿ, ಅರಿಶಿನ, ಕಾಫಿಪುಡಿಗಳೆಲ್ಲ ಈ ಹಳೆಯ ದಾರಿಯ ಕವಲುಗಳೇ ಇರಬಹುದು. ಚರ್ಮ ತರಚಿದಾಗ ಇವು ನಡೆದುಹೋಗುತ್ತವೆ; ಅಲ್ಲಿ ರಕ್ತ ತಾನಾಗಿಯೂ ನಿಲ್ಲುತ್ತದೆ. ಆದರೆ ದೊಡ್ಡ ನಾಳ ಕತ್ತರಿಸಿದಾಗ ಪುಡಿ ಹಾಕುವುದೆಂದರೆ ಒಡೆದ ಕೆರೆಯ ಏರಿಗೆ ಹಿಡಿಮಣ್ಣು ಎಸೆದಂತೆ. ಗಾಯಕ್ಕೆ ಕೊಳೆ ಸೇರಿತೆಂಬುದೇ ಲಾಭ.

ಯೂರೋಪಿನಲ್ಲಿ ಬಹುಕಾಲ ದಹನವೇ ರೂಢಿಯಾಗಿತ್ತು. ಕಾದ ಕಬ್ಬಿಣ, ಇಲ್ಲವೇ ಕುದಿಯುವ ಎಣ್ಣೆ. ಫ್ರಾನ್ಸಿನ ಆಂಬ್ರ್ವಾಸ್ ಪಾರೆ ಎಂಬ ಶಸ್ತ್ರವೈದ್ಯನಿಗೆ 1536–37ರ ಇಟಲಿಯ ದಂಡಯಾತ್ರೆಯಲ್ಲಿ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ರಾತ್ರಿಯೆಲ್ಲ ಅವನಿಗೆ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ ಎಣ್ಣೆ ಸುರಿಸಿಕೊಂಡವರು ನರಳುತ್ತಿದ್ದರು, ಇವನ ಲೇಪದವರು ನೆಮ್ಮದಿಯಾಗಿದ್ದರು. 1552ರಲ್ಲಿ ಡಾಂವಿಲೆ ಎಂಬಲ್ಲಿ ಮುತ್ತಿಗೆಯ ಕಾಲದಲ್ಲಿ ಕಾಲು ಕತ್ತರಿಸಬೇಕಾದಾಗ ಕಾದ ಕಬ್ಬಿಣ ಮುಟ್ಟಿಸದೆ, ನಾಳವನ್ನೇ ಹಿಡಿದು ದಾರದಿಂದ ಕಟ್ಟಿದ.

ಆದರೆ ನಾಳವನ್ನು ಹುಡುಕಿ ಕಟ್ಟುವವರೆಗೆ ರಕ್ತ ಕಾಯುತ್ತದೆಯೇ? ಅದಕ್ಕೆ ಉಪಾಯ ಕಂಡವನು ಮೊರೆಲ್ ಎಂಬ ಇನ್ನೊಬ್ಬ ಫ್ರೆಂಚ್ ಸೇನಾವೈದ್ಯ. 1674ರಲ್ಲಿ ಬೆಸಾಂಸೋನ್ ಮುತ್ತಿಗೆಯಲ್ಲಿ ತೊಡೆಗೆ ಪಟ್ಟಿ ಸುತ್ತಿ, ಅದರೊಳಗೆ ಒಂದು ಕೋಲು ಸಿಕ್ಕಿಸಿ ತಿರುವಿದ. ಮೂಟೆ ಕಟ್ಟುವಾಗ ಹಗ್ಗಕ್ಕೆ ಕಡ್ಡಿ ಸಿಕ್ಕಿಸಿ ತಿರುಚಿ ಬಿಗಿಮಾಡುವ ನಮ್ಮ ಸಂತೆಯ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. 1718ರಲ್ಲಿ ಪ್ಯಾರಿಸಿನ ಝಾನ್ ಲೂಯಿ ಪೆಟೀ ಕೋಲಿನ ಬದಲು ತಿರುಪು ಹಾಕಿದ. ತಿರುಗಿಸು ಎಂಬ ಅರ್ಥದ ಫ್ರೆಂಚ್ ಮಾತಿನಿಂದಲೇ ಇಂದಿನ ವೈದ್ಯರು ಬಳಸುವ ‘ಟೂರ್ನಿಕೆ’ ಎಂಬ ಹೆಸರು ಬಂದಿದೆ. ನಾವು ಬಿಗಿಪಟ್ಟಿ ಎನ್ನೋಣ.

ನನ್ನ ಕರವಸ್ತ್ರ ಏಕೆ ಸೋತಿತೆಂಬುದಕ್ಕೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ವಿಲಿಯಂ ಹಾರ್ವೆಯಲ್ಲಿ. ರಕ್ತವು ಮೈಯಲ್ಲಿ ಸುತ್ತುತ್ತದೆಂದು 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ತೋರಿಸಿದ್ದು ತೋಳಿಗೆ ಕಟ್ಟಿದ ಒಂದು ಪಟ್ಟಿಯಿಂದ. ಬಲು ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ಅದನ್ನೇ ಸ್ವಲ್ಪ ಸಡಿಲಿಸಿದರೆ ಕೈ ಕೆಂಪೇರಿ ಊದುತ್ತದೆ, ಸಿರೆಗಳು ಉಬ್ಬುತ್ತವೆ. ಏಕೆಂದರೆ ಹೃದಯದಿಂದ ರಕ್ತ ತರುವ ಅಪಧಮನಿಗಳು ಆಳದಲ್ಲಿವೆ, ಅವುಗಳ ಒತ್ತಡ ಹೆಚ್ಚು; ರಕ್ತವನ್ನು ಹಿಂದಕ್ಕೊಯ್ಯುವ ಸಿರೆಗಳು ಮೇಲುಗಡೆ ಇವೆ, ಅವು ಮೆತ್ತಗೆ. ಅರೆಬಿಗಿಯ ಪಟ್ಟಿ ಬರುವ ದಾರಿಯನ್ನು ತೆರೆದಿಟ್ಟು ಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ. ಒಳಗೆ ಬಂದ ರಕ್ತಕ್ಕೆ ಉಳಿಯುವ ಬಾಗಿಲು ಗಾಯವೊಂದೇ. ಹೆದರಿ ಮೆಲ್ಲಗೆ ಕಟ್ಟಿದ ನಾನು ಆ ಹುಡುಗನಿಗೆ ಉಪಕಾರ ಮಾಡಲಿಲ್ಲ, ಅಪಕಾರ ಮಾಡಿದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ವಿದ್ಯೆ ಇದ್ದರೂ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಅಂತರ್ಯುದ್ಧದಲ್ಲಿ ಒಂದು ಕಥೆಯುಂಟು. 1862ರ ಏಪ್ರಿಲ್ 6ರಂದು ಶೈಲೋ ಕದನದಲ್ಲಿ ದಕ್ಷಿಣ ಪಕ್ಷದ ಸೇನಾನಿ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ಗೆ ಮೊಣಕಾಲ ಹಿಂದೆ ಗುಂಡು ತಗುಲಿತು. ತನ್ನ ಜತೆಯಲ್ಲಿದ್ದ ವೈದ್ಯನನ್ನು ಅವನೇ ಸ್ವಲ್ಪ ಮೊದಲು ಗಾಯಾಳುಗಳ ಆರೈಕೆಗೆ ಕಳುಹಿಸಿದ್ದ. ಆ ಗಾಯಾಳುಗಳಲ್ಲಿ ಶತ್ರುಪಕ್ಷದವರೂ ಇದ್ದರು. ಸೇನಾನಿಯ ಬೂಟು ರಕ್ತದಿಂದ ತುಂಬಿತು, ಸುತ್ತಲಿದ್ದವರಿಗೆ ಗಾಯ ಎಲ್ಲಿದೆಯೆಂಬುದೇ ತಿಳಿಯಲಿಲ್ಲ, ಅವನು ಸತ್ತ. ಅವನ ಜೇಬಿನಲ್ಲಿ ಒಂದು ಬಿಗಿಪಟ್ಟಿ ಇತ್ತು. ನಮ್ಮ ಗೋಡೆಯ ಪೆಟ್ಟಿಗೆಗೂ ಆ ಜೇಬಿಗೂ ಹೆಚ್ಚು ಅಂತರ ನನಗೆ ಕಾಣುವುದಿಲ್ಲ.

ಇಂಥ ವಿದ್ಯೆ ಸೈನಿಕರಲ್ಲಿ ಮಾತ್ರ ಉಳಿಯಬಾರದು, ದಾರಿಹೋಕನಿಗೂ ಬರಬೇಕು ಎಂಬ ಯೋಚನೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಘ ಸ್ಥಾಪನೆಯಾಯಿತು. ಮರುವರ್ಷ ಲಂಡನ್ನಿನ ಅಂಚಿನ ವುಲಿಚ್‌ನಲ್ಲಿ ಪೀಟರ್ ಶೆಫರ್ಡ್ ಎಂಬ ಸೇನಾವೈದ್ಯ, ಫ್ರಾನ್ಸಿಸ್ ಡಂಕನ್ ಎಂಬ ಸೇನಾಧಿಕಾರಿಯ ಜತೆಗೂಡಿ, ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆಯ ತರಗತಿ ತೆರೆದ. ತರಗತಿ ನಡೆದ ಜಾಗ ಒಂದು ಶಾಲೆಯ ಹಜಾರ! ಶೆಫರ್ಡ್ ಅದರ ಫಲವನ್ನು ನೋಡಲು ಉಳಿಯಲಿಲ್ಲ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕದ ಇಸಾಂಡ್ಲ್ವಾನದಲ್ಲಿ ಜೂಲೂ ಯೋಧರ ಮುಂದೆ ಇಂಗ್ಲಿಷ್ ಪಡೆ ಚದುರಿ ಓಡುತ್ತಿದ್ದಾಗ, ಗಾಯಗೊಂಡವನೊಬ್ಬನನ್ನು ನೋಡಲು ನಿಂತು ಈಟಿಗೆ ಬಲಿಯಾದ. ಅವನು ಬರೆದಿಟ್ಟ ಕೈಪಿಡಿ ಮಾತ್ರ ಊರೂರಿಗೆ ಹೋಯಿತು. ವುಲಿಚ್‌ನ ಆ ತರಗತಿಗೂ ನಮ್ಮ ಹುಡುಗ ಬಿದ್ದ ದಿನಕ್ಕೂ ನಡುವೆ ಸರಿಯಾಗಿ ನೂರು ವರ್ಷ.

ಜರ್ಮನಿಯ ಕೀಲ್ ನಗರದ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್ ಇದನ್ನು ಕಂಡು ಮೆಚ್ಚಿ, ತನ್ನೂರಿನಲ್ಲಿಯೂ ಅಂಥ ಶಾಲೆ ತೆರೆದ. ಸ್ಕೌಟುಗಳು ಕೊರಳಿಗೆ ಕಟ್ಟಿಕೊಳ್ಳುವಂಥ ಮುಕ್ಕೋನ ಬಟ್ಟೆಯನ್ನು ಗಾಯಪಟ್ಟಿಯಾಗಿ ಹರಡಿದವನು ಅವನು. ಓದು ಬಾರದವನಿಗೂ ತಿಳಿಯಲೆಂದು ಕಟ್ಟುವ ಬಗೆಗಳನ್ನು ಬಟ್ಟೆಯ ಮೇಲೆಯೇ ಚಿತ್ರವಾಗಿ ಅಚ್ಚು ಹಾಕಿಸಿದ. ಷರಾಯಿಯ ರಬ್ಬರು ಪಟ್ಟಿಯನ್ನೇ ಬಿಚ್ಚಿ ಬಿಗಿಪಟ್ಟಿ ಮಾಡಿಕೊಳ್ಳುವಂತೆಯೂ ರೂಪಿಸಿದ. ವೈದ್ಯರಲ್ಲದವರಿಗೆ ವೈದ್ಯ ಕಲಿಸಬಾರದೆಂದು ವೈದ್ಯರೇ ಗೊಣಗಿದರು. ಗೊಣಗಾಟ ಇಂದಿಗೂ ಪೂರ್ತಿ ಅಡಗಿಲ್ಲ.

ಮುಂದೆ ಬಿಗಿಪಟ್ಟಿಗೆ ಕೆಟ್ಟ ಹೆಸರು ಬಂತು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಿಂದ ಆಸ್ಪತ್ರೆಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಟ್ಟಿದ ಕಾಲುಗಳು ಕೊಳೆತವು. ತಪ್ಪು ದಾರಿಯದು, ದೂಷಣೆ ಪಟ್ಟಿಗೆ. ಎಲ್ಲ ಉಪಾಯಗಳೂ ಮುಗಿದ ಮೇಲೆ ಮಾತ್ರ ಅದನ್ನು ಮುಟ್ಟಬೇಕೆಂದು ಕೈಪಿಡಿಗಳು ಹಲವು ದಶಕ ಬರೆದವು. 1978ರಲ್ಲಿ ನನ್ನ ಬೆರಳುಗಳನ್ನು ನಡುಗಿಸಿದ್ದು ಆ ಭಯವೇ ಇರಬೇಕು. ಯಾವುದೋ ಕಂದಕದ ಭಯ ಬಾಯಿಂದ ಬಾಯಿಗೆ ದಾಟಿ ತುಮಕೂರು ಸೀಮೆಯ ಹೋಬಳಿಗೆ ಬಂದಿತ್ತು. ಅದೇ ಭಯದ ನೆರಳಿನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಎರಡೂವರೆ ಸಾವಿರದಷ್ಟು ಅಮೆರಿಕನ್ ಸೈನಿಕರು ಕೈಕಾಲುಗಳ ಗಾಯದಿಂದಲೇ ರಕ್ತ ಸೋರಿ ಸತ್ತರೆಂದು ಅಂದಾಜುಂಟು.

ಲೆಕ್ಕ ತಿರುಗಿದ್ದು ಇರಾಕಿನಲ್ಲಿ. 2006ರಲ್ಲಿ ಬಾಗ್ದಾದಿನ ಒಂದು ಸೇನಾ ಆಸ್ಪತ್ರೆಗೆ ಬಂದ, ಬಿಗಿಪಟ್ಟಿ ಕಟ್ಟಿಸಿಕೊಂಡಿದ್ದ 232 ಗಾಯಾಳುಗಳನ್ನು ಕ್ರಾಗ್ ಎಂಬ ವೈದ್ಯನೂ ಸಂಗಡಿಗರೂ ಪರಿಶೀಲಿಸಿದರು. 2009ರಲ್ಲಿ ಅಚ್ಚಾದ ಅವರ ವರದಿಯಂತೆ, ರಕ್ತ ಹೋಗಿ ಮೈ ಕುಸಿಯುವ ಮೊದಲೇ ಕಟ್ಟಿದವರಲ್ಲಿ ನೂರಕ್ಕೆ 90 ಮಂದಿ ಬದುಕಿದರು. ಕುಸಿದ ಮೇಲೆ ಕಟ್ಟಿದವರಲ್ಲಿ ನೂರಕ್ಕೆ 10. ಪಟ್ಟಿಯೊಂದರ ಕಾರಣದಿಂದಲೇ ಕೈಕಾಲು ಕಳೆದುಕೊಂಡವರು ಅವರಲ್ಲಿ ಒಬ್ಬರೂ ಇಲ್ಲ. ನಾನು ಕಟ್ಟುತ್ತಾ ಬಿಚ್ಚುತ್ತಾ ಕಳೆದ ನಿಮಿಷಗಳ ಬೆಲೆ ಈ ಎರಡು ಅಂಕಿಗಳ ನಡುವೆ ಇದೆ.

ಇಷ್ಟಾದರೂ ಈ ವಿದ್ಯೆ ಉಪಾಧ್ಯಾಯರ ಬಳಿಗೆ ಬಂದಿರಲಿಲ್ಲ. ಅದನ್ನು ತಂದದ್ದು ಘೋರವಾದ ಕಾರಣ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸುತ್ತಾ ನಡೆದರು. ಡೇವ್ ಸ್ಯಾಂಡರ್ಸ್ ಎಂಬ ಉಪಾಧ್ಯಾಯ ಓಡಿಯಾಡಿ ಮಕ್ಕಳನ್ನು ಎಚ್ಚರಿಸುತ್ತಿದ್ದಾಗ ಗುಂಡೇಟು ತಿಂದರು. ವಿಜ್ಞಾನದ ಕೊಠಡಿಯೊಂದರಲ್ಲಿ ಅವರನ್ನು ಮಲಗಿಸಿ, ಸ್ಕೌಟುಗಳಾಗಿ ಕಲಿತಿದ್ದ ಹುಡುಗರು ತಮ್ಮ ಅಂಗಿಗಳನ್ನು ಒತ್ತಿಹಿಡಿದರು. ಒಳಗೊಬ್ಬರು ರಕ್ತ ಸೋರಿ ಸಾಯುತ್ತಿದ್ದಾರೆಂದು ಹಲಗೆಯ ಮೇಲೆ ಬರೆದು ಕಿಟಕಿಗೆ ಇಟ್ಟರು. ಹೊರಗೆ ಪೋಲೀಸರು ನೆರೆದಿದ್ದರು. ಆದರೆ ಒಳಗೆ ಸಹಾಯ ಬಂದದ್ದು ಮೂರು ಗಂಟೆಗೂ ಮಿಕ್ಕಿದ ಮೇಲೆ. ಸ್ಯಾಂಡರ್ಸ್ ಉಳಿಯಲಿಲ್ಲ. ಅಂದಿನಿಂದ ಅಲ್ಲಿಯ ಪೋಲೀಸರು ಕಾಯದೆ ಒಳನುಗ್ಗುವ ಕ್ರಮ ಕಲಿತರು.

2012ರ ಡಿಸೆಂಬರ್ 14ರಂದು ಕನೆಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಕೊಲೆಯಾದರು. ಅದೇ ರಾಜ್ಯದ ಹಾರ್ಟ್‌ಫರ್ಡಿನ ಶಸ್ತ್ರವೈದ್ಯ ಲೆನ್ವರ್ತ್ ಜೇಕಬ್ಸ್ 2013ರ ಏಪ್ರಿಲ್ 2ರಂದು ವೈದ್ಯರು, ಪೋಲೀಸರು, ಸೇನೆಯವರು, ಅಗ್ನಿಶಾಮಕರನ್ನು ಕಲೆಹಾಕಿದರು. ಆಂಬ್ಯುಲೆನ್ಸ್ ಬರುವವರೆಗೆ ಗಾಯಾಳುವಿನ ಪಕ್ಕದಲ್ಲಿರುವವನೇ ಮೊದಲ ವೈದ್ಯ, ಅವನಿಗೆ ರಕ್ತ ನಿಲ್ಲಿಸಲು ಬರಬೇಕು ಎಂಬುದು ಆ ಸಮಾಲೋಚನೆಯಿಂದ ಬೆಳೆದ ಮುಖ್ಯ ಮಾತು. ಹದಿಮೂರೇ ದಿನಗಳಲ್ಲಿ ಬಾಸ್ಟನ್ನಿನ ಓಟದ ಪಂದ್ಯದಲ್ಲಿ ಬಾಂಬು ಸಿಡಿದು, ದಾರಿಹೋಕರು ಸೊಂಟಪಟ್ಟಿ, ಅಂಗಿಗಳನ್ನೇ ಹರಿದು ಕಟ್ಟಬೇಕಾಯಿತು. ಮೂವರು ಸ್ಥಳದಲ್ಲೇ ಸತ್ತರು. ಜೀವವಿದ್ದು ಆಸ್ಪತ್ರೆ ಮುಟ್ಟಿದವರೆಲ್ಲ ಉಳಿದರು. 2015ರ ಅಕ್ಟೋಬರಿನಲ್ಲಿ ‘ಸ್ಟಾಪ್ ದಿ ಬ್ಲೀಡ್’ ಎಂಬ ಹೆಸರಿನಲ್ಲಿ ಅಲ್ಲಿಯ ಸರ್ಕಾರವೇ ಚಳವಳಿ ಆರಂಭಿಸಿತು. 2019ರಲ್ಲಿ ಟೆಕ್ಸಾಸ್ ರಾಜ್ಯ ಕಾಯಿದೆ ಮಾಡಿ, ಪ್ರತಿ ಸರ್ಕಾರಿ ಶಾಲೆಯಲ್ಲೂ ಬಿಗಿಪಟ್ಟಿ, ಒತ್ತುಬಟ್ಟೆ, ಕತ್ತರಿ, ಕೈಗವಸುಗಳುಳ್ಳ ಪೆಟ್ಟಿಗೆಯನ್ನು ಸುಲಭವಾಗಿ ಕೈಗೆ ಸಿಗುವಲ್ಲಿ ಇಡಬೇಕು, ಸಿಬ್ಬಂದಿಗೆ ಶಿಕ್ಷಣ ಕೊಡಬೇಕು, ಏಳನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೂ ಕಲಿಯಲು ಅವಕಾಶವಿರಬೇಕು ಎಂದು ವಿಧಿಸಿತು. ಪಾರೆಯಿಂದ ಬಾಗ್ದಾದಿನವರೆಗೆ ರಣರಂಗದಲ್ಲೇ ಬೆಳೆದ ವಿದ್ಯೆ ಶಾಲೆಗೆ ಬಂದದ್ದು, ರಣರಂಗವೇ ಶಾಲೆಗೆ ಬಂದಾಗ.

ನಮ್ಮಲ್ಲಿ ಆ ಕಾರಣ ಬೇಡ, ಬರುವುದೂ ಬೇಡ. ನಮಗೆ ಕಿಟಕಿಯ ಗಾಜು ಸಾಕು, ತೋಟದ ಕುಡುಗೋಲು ಸಾಕು, ಶಾಲೆಯ ಮುಂದಿನ ರಸ್ತೆ ಸಾಕು. 1948ರ ಕಾರ್ಖಾನೆ ಕಾಯಿದೆ ನೂರೈವತ್ತು ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ, ಅದನ್ನು ನೋಡಿಕೊಳ್ಳಲು ತರಬೇತಾದ ವ್ಯಕ್ತಿಯನ್ನೂ ಬೇಡಿತ್ತು. ಮಗ್ಗದ ಮುಂದೆ ನಿಂತ ತಂದೆಗೆ ಕೊಟ್ಟ ಕಾವಲು ಬೆಂಚಿನ ಮೇಲೆ ಕುಳಿತ ಮಗನಿಗೂ ಸಲ್ಲಬೇಕಲ್ಲವೆ? 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆದರೆ ಆಂಬ್ಯುಲೆನ್ಸ್ ಬರುತ್ತದೆ. ಗಾಯಾಳುವಿಗೆ ನೆರವಾದವರನ್ನು ಪೋಲೀಸರು ಸತಾಯಿಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿ ಕಟ್ಟಪ್ಪಣೆ ಮಾಡಿದೆ. ಕರ್ನಾಟಕ ತನ್ನದೇ ಕಾಯಿದೆಯನ್ನೂ ಮಾಡಿದೆ. ಹೆದರಿಕೆಗೆ ಇದ್ದ ನೆವಗಳು ಒಂದೊಂದಾಗಿ ಹೋಗಿವೆ. ಉಳಿದಿರುವುದು ಕೈಗೆ ಅಭ್ಯಾಸವಿಲ್ಲದಿರುವಿಕೆ.

ಆದರೆ ಗಾಯವು ಆಂಬ್ಯುಲೆನ್ಸಿಗಾಗಿ ಕಾಯುವುದಿಲ್ಲ. ದೊಡ್ಡ ಅಪಧಮನಿ ತುಂಡಾದರೆ ಐದು ನಿಮಿಷದೊಳಗೇ ಪ್ರಾಣ ಹೋಗಬಹುದು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಇಪ್ಪತ್ತು ಕಿಲೋ ತೂಗುವ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರ್ ಮಾತ್ರ. ಬೆಳಗ್ಗೆ ಬಾಗಿಲಿಗೆ ಬರುವ ಅರ್ಧ ಲೀಟರಿನ ಹಾಲಿನ ಪೊಟ್ಟಣವನ್ನು ನೆನೆಯಿರಿ; ಅಷ್ಟು ಚೆಲ್ಲಿದರೆ ಮಗುವಿನ ಮೂರರಲ್ಲೊಂದು ಪಾಲು ಹೋದಂತೆ.

ಕಳೆದ ವರ್ಷ ಬೆಂಗಳೂರಿನಲ್ಲಿ ನನ್ನ ಮೊಮ್ಮಗಳ ಶಾಲೆಯಲ್ಲಿ ಉಪಾಧ್ಯಾಯರಿಗೆಂದು ಇಂಥದೊಂದು ತರಬೇತಿ ಏರ್ಪಾಡಾಗಿತ್ತು. ನಾನೂ ಕೇಳಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತೆ. ಕಲಿಸಿದವಳು ಇಪ್ಪತ್ತೈದು ದಾಟದ ಒಬ್ಬ ನರ್ಸ್. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಮೊದಲು ಆಂಬ್ಯುಲೆನ್ಸಿಗೆ ಕರೆ. ಆಮೇಲೆ ಶುದ್ಧವಾದ ಬಟ್ಟೆಯಿಂದ ಗಾಯದ ಮೇಲೆ ಎರಡೂ ಕೈಯಲ್ಲಿ ಒತ್ತುವುದು. ಎತ್ತಿ ಎತ್ತಿ ನೋಡಬಾರದು. ಗಾಯ ಆಳವಾಗಿದ್ದರೆ ಬಟ್ಟೆಯನ್ನು ಒಳಗೆ ತುಂಬಿ ಒತ್ತುವುದು. ಕೈಕಾಲಿನ ರಕ್ತ ಅಷ್ಟಕ್ಕೂ ನಿಲ್ಲದೆ ಚಿಮ್ಮುತ್ತಿದ್ದರೆ, ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ, ಕೀಲಿನ ಮೇಲೆ ಬಾರದಂತೆ, ಬಿಗಿಪಟ್ಟಿ ಹಾಕಿ ರಕ್ತ ನಿಲ್ಲುವವರೆಗೆ ತಿರುಗಿಸುವುದು. ಕಟ್ಟಿದ ಹೊತ್ತನ್ನು ಬರೆದಿಡುವುದು. ವೈದ್ಯರ ಕೈಗೆ ಒಪ್ಪಿಸುವವರೆಗೆ ಸಡಿಲಿಸದಿರುವುದು. ಕತ್ತು, ಎದೆ, ಹೊಟ್ಟೆಗೆ ಈ ಪಟ್ಟಿ ಇಲ್ಲ. ಹಾವು ಕಚ್ಚಿದವರಿಗೂ ಬೇಡ. ನಮ್ಮ ಕಡೆ ಕಟ್ಟುವ ರೂಢಿಯುಂಟು, ಅದು ಕೆಡುಕೇ ಮಾಡುತ್ತದೆ ಎಂದಳು.

ಬಳಿಕ ಒಬ್ಬೊಬ್ಬರೂ ಇನ್ನೊಬ್ಬರ ತೋಳಿಗೆ ಕಟ್ಟಬೇಕಿತ್ತು. ನನ್ನ ಪಾಲಿಗೆ ಬಂದವರು ಗಣಿತದ ಮೇಷ್ಟ್ರು. ಕಟ್ಟಿ, ಕೋಲು ತಿರುವಿದೆ. ಅವರು ಮುಖ ಕಿವುಚಿದರು. ನನ್ನ ಕೈ ನಿಂತುಹೋಯಿತು. ಆ ಹುಡುಗಿ ಬಂದು ಮಣಿಕಟ್ಟು ಮುಟ್ಟಿ ನೋಡಿ, “ತಾತ, ನಾಡಿ ಇನ್ನೂ ಸಿಗ್ತಾ ಇದೆ. ನೋವಾಗುತ್ತೆ ಅಂತ ನಿಲ್ಲಿಸಬೇಡಿ, ಇನ್ನೊಂದು ಸುತ್ತು ತಿರುಗಿಸಿ,” ಎಂದಳು.

ತಿರುಗಿಸಿದೆ. ನಾಡಿ ನಿಂತಿತು. “ಸರಿಯಾಯ್ತು,” ಎಂದು ಅವಳು ಮುಂದಿನವರ ಕಡೆಗೆ ಹೋದಳು. ನಾನು ಸ್ವಲ್ಪ ಹೊತ್ತು ಆ ಕೋಲನ್ನು ಹಿಡಿದೇ ಇದ್ದೆನಂತೆ. ಗಣಿತದ ಮೇಷ್ಟ್ರು, “ಸಾರ್, ಬಿಡಬಹುದು,” ಎಂದು ಎರಡು ಸಲ ಹೇಳಬೇಕಾಯಿತು.

ಹೊರಡುವಾಗ ಆ ಶಾಲೆಯ ಪೆಟ್ಟಿಗೆ ಎಲ್ಲಿದೆಯೆಂದು ಕೇಳಿದೆ. ಜಗಲಿಯಲ್ಲೇ, ಮಕ್ಕಳ ಕೈಗೆಟುಕುವ ಎತ್ತರದಲ್ಲಿತ್ತು. ಬೀಗವಿರಲಿಲ್ಲ. ತೆರೆದು ನೋಡಿದೆ, ಎಲ್ಲವೂ ಹೊಸದು, ಎಲ್ಲವೂ ಜಾಗದಲ್ಲಿದ್ದವು. ಓದುಗರಲ್ಲಿ ನನ್ನದೊಂದೇ ಬಿನ್ನಹ. ನಾಳೆ ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಒಂದು ನಿಮಿಷ ನಿಂತು ಇಷ್ಟು ವಿಚಾರಿಸಿ: ಪೆಟ್ಟಿಗೆ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಬರುತ್ತದೆ, ಅದಕ್ಕೆ ಬೀಗವಿದ್ದರೆ ಕೀಲಿಕೈ ಯಾರ ಜೇಬಿನಲ್ಲಿದೆ.